ಗುಮ್ಮಟವಿಲ್ಲದಿದ್ದರೂ ಅದು ಮಸೀದಿಯೇ

ಹಳ್ಳಿಯ ಹಳೆಯ ಹಂಚಿನ ಮಸೀದಿಯನ್ನು ಕೆಡವಿ, ಗುಮ್ಮಟ ಮತ್ತು ಮಿನಾರ ಇರುವ ಕಾಂಕ್ರೀಟ್ ಮಸೀದಿ ಕಟ್ಟಿದರೆ ಊರಿಗೆ ಗೌರವ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಳೆಯದು ಮನೆಯ ಹಾಗೆ ಕಾಣುತ್ತದೆ, ಮಸೀದಿಯ ಹಾಗೆ ಕಾಣುವುದಿಲ್ಲ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮಸೀದಿ ಎಂದರೆ ಸುಜೂದ್ ಮಾಡುವ ಜಾಗ. ಕ್ರಿ.ಶ. 622ರಲ್ಲಿ ಮದೀನಾಕ್ಕೆ ಬಂದ ಪ್ರವಾದಿ(ಸ)ಯವರು ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಅದರದೇ ಗರಿಯ ಚಾವಣಿ ಇತ್ತು. ಗುಮ್ಮಟವಾಗಲಿ ಮಿನಾರವಾಗಲಿ ಇರಲಿಲ್ಲ. ಆ ನೆಲದಲ್ಲಿ ಸಿಕ್ಕಿದ್ದರಿಂದಲೇ ಅದನ್ನು ಕಟ್ಟಿದ್ದರು.

ನಮ್ಮ ಕರಾವಳಿಯ ಹಿರಿಯರೂ ಹಾಗೆಯೇ ಮಾಡಿದರು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಇಂದಿಗೂ ಕೆತ್ತನೆಯ ಮರದ ಕಂಬಗಳಿವೆ. ಕೋಝಿಕ್ಕೋಡಿನ ಮಿಶ್ಕಾಲ್ ಮಸೀದಿಗೆ 1510ರಲ್ಲಿ ಪೋರ್ಚುಗೀಸರು ಬೆಂಕಿ ಇಟ್ಟರು. ಮತ್ತೆ ಎದ್ದು ನಿಂತ ಆ ಮಸೀದಿಗೆ ಇರುವುದು ಅಂತಸ್ತು ಅಂತಸ್ತಾದ ಇಳಿಜಾರು ಹಂಚಿನ ಮಾಡು. ಗುಮ್ಮಟವಿಲ್ಲವೆಂದು ಅದರ ಗೌರವ ಕಡಿಮೆಯಾಗಿಲ್ಲ.

ಘಟ್ಟ ಹತ್ತಿ ಕೆರೆಕಟ್ಟೆಯ ಕಡೆಗೆ ಬಂದರೆ ಈ ಮಾಡಿನ ಬುದ್ಧಿವಂತಿಕೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಗೆ ಇಳಿಜಾರು ಮಾಡು ಬೇಕು, ಗೋಡೆ ನೆನೆಯದಂತೆ ಚಾಚಿದ ಸೂರು ಬೇಕು, ಕೊಡೆ ಮಡಚಿ ನಿಲ್ಲಲು ಜಗಲಿ ಬೇಕು. ಚಪ್ಪಟೆ ತಾರಸಿ ಹಾಕಿದವರು ಸೋರುತ್ತದೆಂದು ಕೊನೆಗೆ ಅದರ ಮೇಲೆ ಶೀಟಿನ ಮಾಡು ಹಾಕಿಸುವುದನ್ನು ನಾವೆಲ್ಲ ನೋಡಿದ್ದೇವೆ.

ಜುಮಾಕ್ಕೆ ಜಾಗ ಸಾಲುವುದಿಲ್ಲ, ಪಕಾಸಿಗೆ ಗೆದ್ದಲು ಹಿಡಿದಿದೆ ಎಂಬ ಜಮಾಅತಿನವರ ಕಷ್ಟ ಸುಳ್ಳಲ್ಲ. ಜನ ಮಳೆಯಲ್ಲಿ ನಿಂತು ನಮಾಝ್ ಮಾಡಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ಒಳಪಳ್ಳಿಯನ್ನು ಉಳಿಸಿಕೊಂಡು ಪಕ್ಕಕ್ಕೆ ವಿಸ್ತರಿಸಬಹುದೇ, ಕೆಟ್ಟ ಮರವನ್ನಷ್ಟೇ ಬದಲಿಸಬಹುದೇ ಎಂದು ಮೊದಲು ಬಡಗಿಯನ್ನೂ ಇಂಜಿನಿಯರನ್ನೂ ಕೇಳಬೇಕು. ಕೆಡವುವ ತೀರ್ಮಾನ ಆ ಮೇಲಿನ ಮಾತು.

ವಿದ್ಯಾರ್ಥಿಗಳಾದ ನಮಗೂ ಇಲ್ಲಿ ಕೆಲಸವಿದೆ. ಈ ರಜೆಯಲ್ಲಿ ನಿಮ್ಮ ಊರಿನ ಮಸೀದಿಯ ಉದ್ದಗಲ ಅಳೆಯಿರಿ. ಮಿಂಬರ್, ಕಂಬ, ಹೌಳ್‌ಗಳ ಫೋಟೋ ತೆಗೆಯಿರಿ. ಮರ ಯಾರು ಕೊಟ್ಟರು, ಕಲ್ಲು ಯಾರು ಹೊತ್ತರು, ಮೊದಲ ಉಸ್ತಾದರು ಎಲ್ಲಿಂದ ಬಂದರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಇವು ಹಿರಿಯರ ನೆನಪಿನಲ್ಲಷ್ಟೇ ಉಳಿದಿರುವ ಊರುಗಳು ಬಹಳ. ಕಟ್ಟಡವನ್ನು ಮತ್ತೆ ಕಟ್ಟಬಹುದು, ಕೇಳದೆ ಬಿಟ್ಟ ಮಾತು ಮತ್ತೆ ಸಿಗುವುದಿಲ್ಲ.