ಗುರುವಾರ ಯಾರ ಪಾಲಿಗೆ?

ವಿಚ್ಛೇದನದ ಕಥೆ ಎಂದರೆ ಸಿನಿಮಾದವರಿಗೆ ಮೊದಲು ನೆನಪಾಗುವುದು ಕೋರ್ಟು: ಕಟಕಟೆ, ಕರಿಕೋಟು, ವಕೀಲರ ವಾದ. ನೋವಾ ಬೌಂಬಾಕ್ ಬರೆದು ನಿರ್ದೇಶಿಸಿದ ‘ದಿ ಸ್ಕ್ವಿಡ್ ಅಂಡ್ ದಿ ವೇಲ್’ (2005) ಆ ದಾರಿ ಹಿಡಿಯುವುದಿಲ್ಲ. ಅಲ್ಲಿ ನಡೆಯುವುದು ವಾರದ ದಿನಗಳ ಹಂಚಿಕೆ.

1986ರ ಬ್ರೂಕ್ಲಿನ್. ಅಪ್ಪ ಬರ್ನಾರ್ಡ್ ಒಂದು ಕಾಲಕ್ಕೆ ಹೆಸರು ಮಾಡಿ, ಈಗ ಯಾರಿಗೂ ಬೇಡವಾದ ಕಾದಂಬರಿಕಾರ. ಅಮ್ಮ ಜೋನ್ ಈಗಷ್ಟೇ ಲೇಖಕಿಯಾಗಿ ಬೆಳಕಿಗೆ ಬರುತ್ತಿದ್ದಾಳೆ. ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ತಾವು ಬೇರೆಯಾಗುವ ಸುದ್ದಿ ಹೇಳುತ್ತಾರೆ. ಮಕ್ಕಳು ಇಬ್ಬರಿಗೂ ಸಮಪಾಲು. ಆದರೆ ವಾರಕ್ಕಿರುವುದು ಏಳು ದಿನ. ಹಾಗಾಗಿ ಗುರುವಾರ ಒಂದು ವಾರ ಅಪ್ಪನಿಗೆ, ಮತ್ತೊಂದು ವಾರ ಅಮ್ಮನಿಗೆ. ‘ಬೆಕ್ಕು?’ ಎಂಬ ಪ್ರಶ್ನೆ ಬಂದಾಗ ಇಬ್ಬರೂ ತಡವರಿಸುತ್ತಾರೆ. ಅದರ ಮಾತೇ ಆಗಿರಲಿಲ್ಲ! ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಪಾತ್ರೆಪಗಡೆಗೆ ಜಗಳವಾದದ್ದನ್ನು ಕಂಡವರಿಗೆ ಈ ದೃಶ್ಯ ಪರಕೀಯ ಅನ್ನಿಸದು.

ಚಿತ್ರದ ನಿಜವಾದ ಧೈರ್ಯ ಇರುವುದು ಮಕ್ಕಳನ್ನು ಬರೀ ಮುಗ್ಧರಾಗಿ ತೋರಿಸದಿರುವುದರಲ್ಲಿ. ಹಿರಿಯವ ವಾಲ್ಟ್ (ಜೆಸ್ಸಿ ಐಸೆನ್‌ಬರ್ಗ್) ಅಪ್ಪನ ಕಡೆ, ಕಿರಿಯವ ಫ್ರಾಂಕ್ ಅಮ್ಮನ ಕಡೆ. ಮೊದಲ ದೃಶ್ಯದ ಟೆನಿಸ್ ಆಟದಲ್ಲೇ ಪಕ್ಷಗಳು ಗೊತ್ತಾಗಿಬಿಡುತ್ತವೆ. ವಾಲ್ಟ್ ಓದದೇ ಇರುವ ಪುಸ್ತಕಗಳ ಬಗ್ಗೆ ಅಪ್ಪನ ತೀರ್ಪುಗಳನ್ನು ಗಿಳಿಪಾಠ ಒಪ್ಪಿಸುತ್ತಾನೆ. ಗೆಳತಿಯ ಮುಂದೆ ಕಾಫ್ಕಾನ ‘ಮೆಟಮಾರ್ಫಸಿಸ್’ ತುಂಬ ಕಾಫ್ಕಾ ಶೈಲಿಯದು ಎಂದು ಗಂಭೀರವಾಗಿ ನುಡಿಯುತ್ತಾನೆ. ಬರೆದವನು ಕಾಫ್ಕಾನೇ ಅಲ್ಲವೇ ಎಂದು ಆಕೆ ನಗುತ್ತಾಳೆ. ಶಾಲೆಯ ಪ್ರತಿಭಾ ಸ್ಪರ್ಧೆಯಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಹೇ ಯೂ’ ಹಾಡನ್ನು ತನ್ನದೆಂದು ಹಾಡಿ ಬಹುಮಾನವನ್ನೂ ಹೊಡೆಯುತ್ತಾನೆ. ಸಿಕ್ಕಿಬಿದ್ದ ಮೇಲೆ ಅವನ ಸಮರ್ಥನೆ ಕೇಳಬೇಕು: ತಾನೂ ಅದನ್ನು ಬರೆಯಬಹುದಿತ್ತು, ಬೇರೆಯವರು ಮೊದಲೇ ಬರೆದದ್ದು ಬರೀ ತಾಂತ್ರಿಕ ವಿಷಯ! ಮಗನಿಗೆ ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದದ್ದು ಈ ಜಂಭವೇ.

ಬೌಂಬಾಕ್‌ಗೆ ಇದು ದೂರದ ಕಥೆಯಲ್ಲ. ಅವರ ತಂದೆ ಜೊನಾಥನ್ ಕಾದಂಬರಿಕಾರ, ತಾಯಿ ಜಾರ್ಜಿಯಾ ಬ್ರೌನ್ ಚಿತ್ರವಿಮರ್ಶಕಿ. ಬ್ರೂಕ್ಲಿನ್ನಿನಲ್ಲಿದ್ದ ಆ ದಂಪತಿಯೂ ಬೇರೆಯಾದವರೇ. ಬರ್ನಾರ್ಡ್ ಪಾತ್ರಧಾರಿ ಜೆಫ್ ಡೇನಿಯಲ್ಸ್‌ಗೆ ನಿರ್ದೇಶಕರು ತಮ್ಮ ತಂದೆಯ ಬಟ್ಟೆಗಳನ್ನೇ ತೊಡಿಸಿದರು. ಅಪ್ಪನ ಕೋಟು ತೊಟ್ಟ ಆ ಪಾತ್ರ ಜಿಪುಣ, ಅಹಂಕಾರಿ, ಮಗನ ಗೆಳತಿ ಹೋಟೆಲ್ ಬಿಲ್ಲಿಗೆ ನೀಡಿದ ದುಡ್ಡನ್ನೂ ಬೇಡ ಎನ್ನದವನು. ಆದರೂ ಇದು ಸೇಡಿನ ಸಿನಿಮಾ ಆಗಲಿಲ್ಲ, ಏಕೆಂದರೆ ಅವನ ಒಂಟಿತನವನ್ನೂ ಕ್ಯಾಮೆರಾ ಅಷ್ಟೇ ಹತ್ತಿರದಿಂದ ನೋಡುತ್ತದೆ. ಶೀರ್ಷಿಕೆಯಲ್ಲಿರುವ ತಿಮಿಂಗಿಲ ಮತ್ತು ಸ್ಕ್ವಿಡ್ ಕಾದಾಟ ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿರುವ ಪ್ರತಿಕೃತಿ; ಚಿಕ್ಕಂದಿನಲ್ಲಿ ವಾಲ್ಟ್ ಅದಕ್ಕೆ ಹೆದರುತ್ತಿದ್ದ.

ಸುಮಾರು 15 ಲಕ್ಷ ಡಾಲರ್ ಬಜೆಟ್, 23 ದಿನಗಳ ಚಿತ್ರೀಕರಣ, 16 ಎಂಎಂ ಫಿಲ್ಮ್. ಸನ್‌ಡಾನ್ಸ್ ಉತ್ಸವದಲ್ಲಿ ನಿರ್ದೇಶನಕ್ಕೂ ಚಿತ್ರಕಥೆಗೂ ಪ್ರಶಸ್ತಿ, ಆಮೇಲೆ ಆಸ್ಕರ್ ನಾಮನಿರ್ದೇಶನ.

2019ರಲ್ಲಿ ಬೌಂಬಾಕ್ ಮತ್ತೆ ಇದೇ ವಸ್ತುವಿಗೆ ಮರಳಿ, ನೆಟ್‌ಫ್ಲಿಕ್ಸ್‌ಗಾಗಿ ‘ಮ್ಯಾರೇಜ್ ಸ್ಟೋರಿ’ ಮಾಡಿದರು. ಅಲ್ಲಿ ವಕೀಲರದೇ ಭರಾಟೆ. ವಕೀಲೆಯ ಪಾತ್ರಕ್ಕೆ ಲಾರಾ ಡರ್ನ್ ಆಸ್ಕರ್ ಗೆದ್ದರು. ಅದು ಹದವಾದ ಚಿತ್ರ, ತಾರೆಯರ ಚಿತ್ರ. ಆದರೆ ಅಲ್ಲಿನ ಮಗು ಹೆಚ್ಚಾಗಿ ದೊಡ್ಡವರು ಎಳೆದಾಡುವ ವಸ್ತು. ಎರಡರಲ್ಲಿ ಒಂದನ್ನೇ ನೋಡಲು ಸಮಯವಿದ್ದವರು 81 ನಿಮಿಷದ ಹಳೆಯ ಚಿತ್ರವನ್ನೇ ನೋಡಲಿ. ಫ್ರಾಂಕ್‌ನ ಕೆಲವು ದೃಶ್ಯಗಳು ಮುಜುಗರ ತರುವಂಥವು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಬೇಡ.