ಒತ್ತಿಗೂ ಜಾಗ ಬೇಕು

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಆಮಂತ್ರಣ ಪತ್ರಿಕೆಯನ್ನು ತಾನೇ ಕಂಪ್ಯೂಟರಿನಲ್ಲಿ ರೂಪಿಸುತ್ತಾಳೆ ಎನ್ನೋಣ. ಯೂಟ್ಯೂಬಿನ ಪಾಠಗಳನ್ನು ನೋಡಿ ಅಕ್ಷರಕ್ಕೆ ನೆರಳು ಕೊಡುವುದು, ಬಣ್ಣ ತುಂಬುವುದು ಎಲ್ಲವನ್ನೂ ಕಲಿತಿದ್ದಾಳೆ. ಆದರೆ ಮುದ್ರಿಸಿ ನೋಡಿದರೆ ‘ವಾರ್ಷಿಕೋತ್ಸವಕ್ಕೆ’ ಎಂಬ ಮೇಲಿನ ಸಾಲಿನ ಒತ್ತುಗಳು ‘ನಿಮ್ಮೆಲ್ಲರಿಗೂ ಸ್ವಾಗತ’ ಎಂಬ ಕೆಳಸಾಲಿನ ತಲೆಯ ಮೇಲೆ ಕುಳಿತಿವೆ! ಪಾಪ, ಪಾಠದಲ್ಲಿ ಹೇಳಿದ ಅಳತೆಯನ್ನೇ ಆಕೆ ಇಟ್ಟಿದ್ದಾಳೆ.

ಆ ಪಾಠ ಸಿದ್ಧವಾದದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಾಲಾಗಿ ನಿಲ್ಲುತ್ತವೆ. ಸಾಲುಗಳನ್ನು ಹತ್ತಿರ ತಂದರೂ ತೊಂದರೆಯಿಲ್ಲ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಆದ್ದರಿಂದ ಸಾಲುಗಳ ಅಂತರ ಹೆಚ್ಚು ಬೇಕಾಗುತ್ತದೆ. ಇದನ್ನು ತಂತ್ರಾಂಶ ತಾನಾಗಿ ಹೇಳುವುದಿಲ್ಲ, ಕಣ್ಣೇ ಕಂಡುಕೊಳ್ಳಬೇಕು.

ಕಣ್ಣಿನ ವಿಚಾರ ಬಂದದ್ದರಿಂದ ಒಂದು ಪ್ರಯೋಗ. ಕಾಗದದ ಮೇಲೆ 3 ಸೆಂ.ಮೀ. ಬಾಹುವಿನ ಚೌಕ ಬರೆಯಿರಿ. ಪಕ್ಕದಲ್ಲಿ 3 ಸೆಂ.ಮೀ. ವ್ಯಾಸದ ವೃತ್ತ. ಎರಡರ ಎತ್ತರವೂ ಒಂದೇ, ಆದರೂ ವೃತ್ತ ಚಿಕ್ಕದಾಗಿ ಕಾಣುತ್ತದೆ. ಇದೇಕೆ? ಚೌಕದ ವಿಸ್ತೀರ್ಣ 9 ಚದರ ಸೆಂ.ಮೀ., ವೃತ್ತದ್ದು ಸುಮಾರು 7.07 ಮಾತ್ರ. ಅಲ್ಲದೆ ವೃತ್ತ ಮೇಲಿನ ಗೆರೆಯನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. ಹೀಗಾಗಿ ಅಕ್ಷರ ವಿನ್ಯಾಸಕಾರರು ದುಂಡನೆಯ ಅಕ್ಷರವನ್ನು ಗೆರೆಯಿಂದ ಕೂದಲೆಳೆಯಷ್ಟು ಆಚೆಗೆ ಚಾಚುತ್ತಾರೆ. ಅಳತೆಗೆ ತಪ್ಪು, ನೋಟಕ್ಕೆ ಸರಿ! ದುಂಡು ಅಕ್ಷರಗಳೇ ತುಂಬಿರುವ ಕನ್ನಡದಲ್ಲಿ ಈ ಸೂಕ್ಷ್ಮ ತಿಳಿದಿರಲೇಬೇಕು.

ಪರದೆಯ ಮೇಲೆ ಆ ದುಂಡನ್ನು ಮೂಡಿಸುವುದು ಬೆಜಿಯೆ ವಕ್ರರೇಖೆಗಳು. ಫ್ರಾನ್ಸಿನ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ರೆನೋ ಕಾರುಗಳ ಮೈಯ ಆಕಾರವನ್ನು ರೂಪಿಸಲು ಇವನ್ನು ಬಳಸಿದರು. ಎರಡು ತುದಿಬಿಂದುಗಳು, ಎಳೆದು ಬಾಗಿಸಲು ಇನ್ನೆರಡು ಬಿಂದುಗಳು, ಇಷ್ಟರಿಂದಲೇ ಗೆರೆ ಬಳುಕುತ್ತದೆ. ಬೀಜಗಣಿತ ಯಾತಕ್ಕೆ ಎಂದು ಕೇಳುವ ಮಕ್ಕಳಿಗೆ ಇದನ್ನು ತೋರಿಸಬಹುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶವಿದ್ದರೆ ಸಾಕು, ದುಬಾರಿ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ.

ಮಗು ದಿನವಿಡೀ ಪರದೆಯ ಮುಂದಿದೆ ಎಂಬ ಪೋಷಕರ ಆತಂಕ ಸಹಜವೇ. ಅಂಥವರು ಒಂದು ಪಾಠಕ್ಕೆ ಒಂದು ಗಂಟೆ ಪೆನ್ಸಿಲ್ ಎಂಬ ಕರಾರು ಮಾಡಿಕೊಳ್ಳಬಹುದು. ಅಂಗಡಿಗಳ ಫಲಕ, ಹಳೆಯ ಪುಸ್ತಕಗಳ ರಕ್ಷಾಪುಟ ನೋಡಿ ಒಂದೇ ‘ಶ್ರೀ’ಯನ್ನು ಹತ್ತು ಬಗೆಯಲ್ಲಿ ಬರೆಯಲಿ. ವಿನ್ಯಾಸ ಪದವಿಗಾಗಿ ಐಐಟಿ ಬಾಂಬೆ ನಡೆಸುವ ‘ಯುಸೀಡ್’ ಪ್ರವೇಶ ಪರೀಕ್ಷೆಯನ್ನು ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಬರೆಯಬಹುದು. ಅದರಲ್ಲಿ ಕೈಯಿಂದಲೇ ಚಿತ್ರ ಬರೆಯಬೇಕಾದ ಭಾಗವೂ ಇದೆ. ಅಲ್ಲಿ ನೆರಳು ಕೊಡುವ ಗುಂಡಿ ಇರುವುದಿಲ್ಲ.