‘ನಂಗೇನೂ ಆಗ್ಲಿಲ್ಲ’ ಅನ್ನೋದು ಸಲಹೆ ಅಲ್ಲ

ತೂಕ ಇಳಿಸೋ ಸರ್ಜರಿ ಮಾಡಿಸಿಕೊಂಡ ಹಳಬರು ಹೊಸಬರಿಗೆ ಕೊಡೋ ಸಲಹೆಗಳನ್ನ ಸ್ವಲ್ಪ ಕಿವಿಗೊಟ್ಟು ಕೇಳಿ. ಎಲ್ಲಿಂದ ಶುರುವಾದರೂ ಬಹಳಷ್ಟು ಒಂದೇ ಮಾತಲ್ಲಿ ಮುಗಿಯುತ್ತವೆ. ಎರಡನೇ ವಾರಕ್ಕೇ ಇಡ್ಲಿ ತಿಂದೆ, ನಂಗೇನೂ ಆಗ್ಲಿಲ್ಲ. ವಿಟಮಿನ್ ಮಾತ್ರೆ ಬಿಟ್ಟು ವರ್ಷ ಆಯ್ತು, ನಂಗೇನೂ ಆಗ್ಲಿಲ್ಲ. ಮೂರನೇ ತಿಂಗಳಿಗೇ ಟೀಮ್ ಪಾರ್ಟಿಯಲ್ಲಿ ಎರಡು ಪೆಗ್ ಹಾಕ್ದೆ ಗುರೂ, ನಂಗೇನೂ ಆಗ್ಲಿಲ್ಲ.

ಕೇಳೋಕೆ ಧೈರ್ಯ ತುಂಬೋ ಮಾತಿನ ಹಾಗೇ ಇದೆ. ಆದರೆ ಇದು ಹೆಲ್ಮೆಟ್ ಇಲ್ಲದೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದವನು ಹೇಳೋ ಮಾತು. ಅವನು ಮನೆ ಸೇರಿದ್ದು ನಿಜ. ಅದರಿಂದ ನೀವು ಹೆಲ್ಮೆಟ್ ಬಗ್ಗೆ ಕಲಿಯೋದು ಏನೂ ಇಲ್ಲ.

ತಪ್ಪು ತಿಳೀಬೇಡಿ, ಅನುಭವಸ್ಥರ ಮಾತೇ ಬೇಡ ಅನ್ನೋ ಗುಂಪಿಗೆ ನಾನು ಸೇರಿದವಳಲ್ಲ. ನಾಲ್ಕು ವರ್ಷದ ಹಿಂದೆ ಸ್ಲೀವ್ ಮಾಡಿಸಿಕೊಂಡವಳು ನಾನು. ಮೊದಲ ತಿಂಗಳು ನನ್ನ ಕೈ ಹಿಡಿದು ನಡೆಸಿದ್ದು ನನಗಿಂತ ಒಂದು ವರ್ಷ ಮೊದಲು ಮಾಡಿಸಿಕೊಂಡಿದ್ದ ಇಬ್ಬರು ಹೆಂಗಸರು. ರಾತ್ರಿ ಹನ್ನೊಂದಕ್ಕೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾದಾಗ ಫೋನ್ ಎತ್ತಿದ್ದು ಅವರು. ಅದಕ್ಕೇ ಈ ಜಗಳ ಆಡ್ತಿದೀನಿ. ಇಷ್ಟು ಒಳ್ಳೇ ಸಂಪತ್ತನ್ನ ನಾವೇ ಹಾಳು ಮಾಡ್ಕೋತಿದೀವಿ.

ಮೊದಲು ಒಂದು ಹಳೇ ಲೆಕ್ಕ ಚುಕ್ತಾ ಮಾಡಿಬಿಡೋಣ. ‘ಸರ್ಜರಿ ಅಂದ್ರೆ ಶಾರ್ಟ್‌ಕಟ್, ಸೋಮಾರಿಗಳ ದಾರಿ’ ಅನ್ನೋ ಆಫೀಸಿನ ಜಿಮ್ ಪಂಡಿತರಿಗೆ: ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ ಸರ್ಜರಿ ಆದ ಸುಮಾರು 2,000 ಜನರನ್ನ, ಆಗದ ಹೆಚ್ಚುಕಮ್ಮಿ ಅಷ್ಟೇ ಜನರ ಜೊತೆ ಹೋಲಿಸಿ ವರ್ಷಗಟ್ಟಲೆ ನೋಡಿದರು. 2007ರಲ್ಲಿ ಬಂದ ವರದಿ ಪ್ರಕಾರ ಸರ್ಜರಿ ಆದವರಲ್ಲಿ ಸಾವು ಕಮ್ಮಿ. ಬೈಪಾಸ್ ಆದವರು 10 ವರ್ಷದ ಮೇಲೂ ಸರಾಸರಿ ಕಾಲು ಭಾಗದಷ್ಟು ತೂಕ ಕಳಕೊಂಡೇ ಇದ್ದರು. ಇದು ಚಿಕಿತ್ಸೆ ಸ್ವಾಮಿ, ಶೋಕಿ ಅಲ್ಲ. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸ್ತು: ಒಂದೆರಡು ವರ್ಷಕ್ಕೆ ತೂಕ ತಳ ಮುಟ್ಟಿ, ಆಮೇಲೆ ನಿಧಾನವಾಗಿ ಒಂದಿಷ್ಟು ವಾಪಸ್ ಬರುತ್ತೆ. ಅಂದ್ರೆ ಆಪರೇಷನ್ ಥಿಯೇಟರಿನಿಂದ ಆಚೆ ಬಂದ ದಿನ ಕೆಲಸ ಮುಗಿಯಲ್ಲ, ಶುರುವಾಗುತ್ತೆ. ಆ ಕೆಲಸದ ಮುಕ್ಕಾಲು ಪಾಲು ತಟ್ಟೆಯಲ್ಲಿ. ಅದಕ್ಕೇ ತಟ್ಟೆ ಬಗ್ಗೆ ಬಾಯಿಗೆ ಬಂದದ್ದು ಹೇಳೋದು ಸಣ್ಣ ವಿಷಯ ಅಲ್ಲ.

ಈಗ ಆ ಎರಡನೇ ವಾರದ ಇಡ್ಲಿಗೆ ಬರೋಣ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನ ಬಾಳೆಹಣ್ಣಿನ ಆಕಾರದ ಕೊಳವೆ ಮಾಡ್ತಾರೆ. ಅಂಚಿನ ಉದ್ದಕ್ಕೂ ಸ್ಟೇಪಲ್ ಹೊಡೆದಿರುತ್ತೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯೋ ಸಣ್ಣ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸ್ತಾರೆ. ಎರಡರಲ್ಲೂ ಮೊದಲ ಕೆಲವು ವಾರ ಒಳಗಿರೋದು ಹಸಿ ಗಾಯ. ಮೊದಲು ತಿಳಿ ದ್ರವ, ಆಮೇಲೆ ಗಟ್ಟಿ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತನೆಯದು, ಕೊನೆಗೆ ಮಾಮೂಲಿ ಊಟ ಅಂತ ಮೆಟ್ಟಿಲು ಮಾಡಿರೋದು ಆ ಗಾಯಕ್ಕಾಗಿ, ನಿಮ್ಮ ಶಿಸ್ತು ಪರೀಕ್ಷೆ ಮಾಡೋಕಲ್ಲ. ಸ್ಟೇಪಲ್ ಸಾಲಿನಲ್ಲಿ ಸೋರಿಕೆ ಆಗೋದು ಅಪರೂಪ, ಆದರೆ ಆದಾಗ ಪ್ರಾಣಕ್ಕೆ ಬರುತ್ತೆ. ಎದೆಬಡಿತ ಜೋರಾಗಿ ಇಳೀದೇ ಇದ್ದರೆ, ಜ್ವರ, ಹೊಟ್ಟೆ ಅಥವಾ ಎಡ ಭುಜದ ನೋವು, ಉಸಿರಾಟದ ತೊಂದರೆ ಬಂದರೆ ಯಾರ ಅನುಭವವನ್ನೂ ಕೇಳ್ತಾ ಕೂರಬೇಡಿ. ಗಾಡಿ ಹತ್ತಿ, ಸರ್ಜನ್ ಇರೋ ಕಡೆ ಹೋಗಿ.

‘ವಾಂತಿ ತಾನೇ, ಎಲ್ಲರಿಗೂ ಆಗುತ್ತೆ, ನಂಗೂ ಆಯ್ತು, ಏನೂ ಆಗ್ಲಿಲ್ಲ’ ಅನ್ನೋದು ಇದಕ್ಕಿಂತ ಕೆಟ್ಟ ಸಲಹೆ. ಅವಸರದಲ್ಲಿ ತಿಂದು ಒಂದು ಸಲ ವಾಂತಿ ಆಗೋದು ಬೇರೆ. ದಿನಗಟ್ಟಲೆ ಏನೂ ನಿಲ್ಲದೆ ಇರೋದು ಬೇರೆ. ನಮ್ಮ ಮೈಯಲ್ಲಿ ಬಿ1 ವಿಟಮಿನ್, ಅಂದ್ರೆ ಥಯಾಮಿನ್, ಕೆಲವೇ ವಾರಕ್ಕೆ ಆಗೋಷ್ಟು ಮಾತ್ರ ದಾಸ್ತಾನು ಇರುತ್ತೆ. ಅದು ಖಾಲಿಯಾದರೆ ಎರಡೆರಡು ಕಾಣುತ್ತೆ, ನಡಿಗೆ ತೂರಾಡುತ್ತೆ, ಮಾತು ತಡಬಡಾಯಿಸಿ ಗಲಿಬಿಲಿ ಆಗುತ್ತೆ. ತಡವಾದರೆ ಮಿದುಳಿಗೆ ಆದ ಹಾನಿ ಉಳಿದುಬಿಡಬಹುದು. ನಮ್ಮೂರಿನ ಅಭ್ಯಾಸ ನಿಮಗೆ ಗೊತ್ತಲ್ಲ: ಸುಸ್ತಾದರೆ ಪಕ್ಕದ ರಸ್ತೆಯ ಕ್ಲಿನಿಕ್ಕಿಗೆ ಹೋಗಿ ‘ಒಂದು ಬಾಟ್ಲು ಗ್ಲೂಕೋಸ್ ಹಾಕ್ಸಿ’ ಅನ್ನೋದು. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಈ ಸ್ಥಿತಿ ಇನ್ನೂ ಬಿಗಡಾಯಿಸಬಹುದು. ಡ್ರಿಪ್ ಹಾಕೋ ಮೊದಲು ‘ನನಗೆ ತೂಕದ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ’ ಅಂತ ಹೇಳಿ. ಮನೆಯವರಿಗೂ ಈ ವಾಕ್ಯ ಬಾಯಿಪಾಠ ಮಾಡಿಸಿ. ಅನುಭವಸ್ಥರು ಹೊಸಬರಿಗೆ ಹೇಳಲೇಬೇಕಾದ ಒಂದು ಮಾತು ಅಂತಿದ್ದರೆ ಇದು.

ಇನ್ನು ಮಾತ್ರೆ ಬಿಟ್ಟು ವರ್ಷ ಆದ ವೀರರು. ಇವರ ವಾದದ ಒಳಗೇ ತೂತಿದೆ. ಬಿ12 ನಮ್ಮ ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಆಗೋಷ್ಟು ಸಂಗ್ರಹ ಇರುತ್ತೆ. ಅದು ಕರಗೋ ತನಕ ಏನೂ ಗೊತ್ತಾಗಲ್ಲ. ಆಮೇಲೆ ಕಾಲು ಜೋಮು, ಮರೆವು, ಸುಸ್ತು. ಅಂದ್ರೆ ‘ವರ್ಷ ಆಯ್ತು, ಏನೂ ಆಗ್ಲಿಲ್ಲ’ ಅನ್ನೋದು ಮಾತ್ರೆ ಬೇಡ ಅನ್ನೋದಕ್ಕೆ ಸಾಕ್ಷಿಯೇ ಅಲ್ಲ, ಸಾಲದ ಕಂತು ಇನ್ನೂ ಬಂದಿಲ್ಲ ಅಷ್ಟೇ. ಅದರಲ್ಲೂ ನಮ್ಮಲ್ಲಿ ಸಸ್ಯಾಹಾರಿಗಳ ಬಿ12 ಮೊದಲೇ ತಳದಲ್ಲಿರೋದು ಮಾಮೂಲು. ಬೈಪಾಸ್ ಆದವರಿಗೆ ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳೋ ಕರುಳಿನ ಮೊದಲ ಭಾಗಕ್ಕೆ ಊಟ ಹೋಗೋದೇ ಇಲ್ಲ. ಮಾತ್ರೆ ಜೀವನಪೂರ್ತಿ, ರಕ್ತಪರೀಕ್ಷೆ ವರ್ಷಕ್ಕೊಮ್ಮೆಯಾದರೂ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನ ಫಿಲ್ಟರ್ ಕಾಫಿ ಜೊತೆಗಂತೂ ಬೇಡವೇ ಬೇಡ.

ನೋವಿನ ಮಾತ್ರೆಯ ಕಥೆಯೂ ಇದೇ. ಆಫೀಸ್ ಡ್ರಾಯರಿನಲ್ಲಿ ಪಕ್ಕದವರು ಇಟ್ಟಿರೋ ಬ್ರೂಫೆನ್, ಕಾಂಬಿಫ್ಲಾಮ್ ಎರಡರಲ್ಲೂ ಐಬುಪ್ರೊಫೆನ್ ಇದೆ. ಬೈಪಾಸ್ ಆದವರಿಗೆ ಅದು ಜೋಡಣೆ ಜಾಗದಲ್ಲಿ ಹುಣ್ಣು ತರಬಹುದು. ಹುಣ್ಣು ಒಂದು ದಿನದಲ್ಲಿ ಆಗಲ್ಲ, ಹಾಗಾಗಿ ತಲೆನೋವು ಹೋದ ದಿನ ಎಲ್ಲರಿಗೂ ‘ಏನೂ ಆಗಿಲ್ಲ’. ಮದ್ಯವಂತೂ ಸರ್ಜರಿ ಆದ ಮೇಲೆ ಬೇಗ ಏರುತ್ತೆ, ಹೆಚ್ಚು ಏರುತ್ತೆ. ಊಟದ ಚಟ ಹೋದ ಜಾಗಕ್ಕೆ ಕುಡಿತ ಬಂದು ಕೂತವರೂ ಇದ್ದಾರೆ. ಎರಡು ಪೆಗ್‌ನ ಕಥೆ ಹೇಳೋವಾಗ ಇದನ್ನೂ ಸೇರಿಸಿ ಹೇಳಿ.

ಹೆಂಗಸರಿಗೆ ಸಿಗೋ ಸಲಹೆಗಳದ್ದು ಬೇರೆಯೇ ಸಂತೆ. ಮೂರನೇ ತಿಂಗಳಿನಿಂದ ಕೂದಲು ಉದುರೋಕೆ ಶುರುವಾಗುತ್ತೆ, ‘ಬಯೋಟಿನ್ ತಗೋ, ನಂಗೆ ನಿಂತ್ಹೋಯ್ತು’ ಅಂತಾರೆ. ಸರ್ಜರಿ ಮತ್ತು ಬೇಗ ತೂಕ ಇಳಿಯೋದು ಮೈಗೆ ಕೊಟ್ಟ ಪೆಟ್ಟಿಗೆ ಉದುರೋ ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತೆ. ನಿಲ್ಲದೇ ಇದ್ದರೆ ನೋಡಬೇಕಾದ್ದು ಪ್ರೋಟೀನು, ಕಬ್ಬಿಣ. ಹೆಚ್ಚು ಬಯೋಟಿನ್ ತಗೊಂಡರೆ ಥೈರಾಯ್ಡ್ ಟೆಸ್ಟಿನ ರಿಪೋರ್ಟೇ ತಪ್ಪಾಗಿ ಬರಬಹುದು. ಇನ್ನು ಅತ್ತೆ ಮನೆಯ ಸಲಹೆ: ‘ತೂಕ ಇಳೀತಲ್ಲ, ಇನ್ನೇನು, ಬೇಗ ಒಂದು ಮಗು ಮಾಡ್ಕೊಂಬಿಡಿ.’ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಿರಿ ಅಂತ ವೈದ್ಯರು ಹೇಳೋದು ತಾಯಿ ಮಗು ಇಬ್ಬರ ಪೋಷಣೆಗಾಗಿ. ತೂಕ ಇಳಿದ ಹಾಗೆ ಗರ್ಭ ನಿಲ್ಲೋ ಸಾಧ್ಯತೆ ಬೇಗ ಹೆಚ್ಚುತ್ತೆ, ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರದೇ ಹೋಗಬಹುದು. ಇದನ್ನ ನಾಚಿಕೆ ಬಿಟ್ಟು ಹೇಳೋ ಅಕ್ಕ ಒಬ್ಬಳು ಪ್ರತಿ ಹೊಸಬಳಿಗೂ ಬೇಕು.

ಹಾಗಾದರೆ ಅನುಭವಸ್ಥರು ಬಾಯಿ ಮುಚ್ಚಿಕೊಂಡಿರಬೇಕಾ? ಇಲ್ಲ. ಡಾಕ್ಟರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ. ಆಸ್ಪತ್ರೆಯ ಡಯಟ್ ಚಾರ್ಟಿನಲ್ಲಿ ಬ್ರೊಕೊಲಿ ಸೂಪ್ ಇರುತ್ತೆ, ಮುದ್ದೆ ಇರಲ್ಲ. ಮಂಡ್ಯ, ಹಾಸನದ ಮನೆಯಲ್ಲಿ ಹುಟ್ಟಿದವರಿಗೆ ಮುದ್ದೆ ನುಂಗೋದನ್ನ ಚಿಕ್ಕಂದಿನಿಂದ ಕಲಿಸಿರ್ತಾರೆ, ಅಗಿದರೆ ನಗ್ತಾರೆ. ಸರ್ಜರಿ ಆದ ಮೇಲೆ ಮೊದಲ ನಿಯಮವೇ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯೋದು. ಅಂದ್ರೆ ಬರೀ ಊಟ ಅಲ್ಲ, ಊಟ ಮಾಡೋ ವಿದ್ಯೆಯನ್ನೇ ಮರೆತು ಹೊಸದಾಗಿ ಕಲೀಬೇಕು. ನಮ್ಮ ಊಟ ಮುಗಿಯೋದು ಮಜ್ಜಿಗೆಯಲ್ಲಿ, ಇಲ್ಲಿ ಊಟದ ಜೊತೆಗೂ ಆಮೇಲೆ ಅರ್ಧ ಗಂಟೆಯೂ ಏನೂ ಕುಡಿಯೋ ಹಾಗಿಲ್ಲ. ಆ ಮಜ್ಜಿಗೆಯನ್ನ ಹನ್ನೊಂದು ಗಂಟೆಗೆ ಗುಟುಕು ಗುಟುಕಾಗಿ ಕುಡೀಬಹುದು ಅನ್ನೋದು ಅನುಭವ.

ಬೇಳೆ ಕಟ್ಟು ಕುಡಿದರೆ ಶಕ್ತಿ ಅಂತ ಅಜ್ಜಿ ಹೇಳ್ತಾರೆ, ಆದರೆ ಪ್ರೋಟೀನಿನ ಬಹುಪಾಲು ಇರೋದು ಪಾತ್ರೆಯ ತಳದ ಬೇಳೆಯಲ್ಲಿ. ರುಬ್ಬಿದ್ದು ತಿನ್ನೋ ಹಂತಕ್ಕೆ ಬಂದಾಗ ಆ ಬೇಳೆಯನ್ನೇ ನುಣ್ಣಗೆ ಮಾಡಿ ತಿನ್ನಬೇಕು. ದಿನಕ್ಕೆ ಬೇಕಿರೋದು ಸುಮಾರು 60ರಿಂದ 80 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ, 100 ಗ್ರಾಂ ಪನೀರಿನಲ್ಲಿ ಸುಮಾರು 18. ತಟ್ಟೆಯಲ್ಲಿ ಮೊದಲು ಅದು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಮದುವೆ ಮನೆಯ ಪಂಕ್ತಿಯಲ್ಲಿ ‘ಇನ್ನೊಂಚೂರು’ ಅಂತ ಬರೋ ಹೋಳಿಗೆಗೆ ಎಲೆ ಮೇಲೆ ಕೈ ಅಡ್ಡ ಇಡೋದು ಹೇಗೆ, ಪಾಯಸ ಕುಡಿದ ಕಾಲು ಗಂಟೆಗೆ ಬೆವರು, ಎದೆಬಡಿತ, ಭೇದಿ ಬರೋ ಡಂಪಿಂಗ್ ಅಂದ್ರೆ ಹೇಗಿರುತ್ತೆ, ಟೀಮ್ ಲಂಚಿನಲ್ಲಿ ‘ಇಷ್ಟೇನಾ’ ಅನ್ನೋರಿಗೆ ಏನು ಹೇಳೋದು, ಇದೆಲ್ಲ ನಮ್ಮ ಸಿಲೆಬಸ್. ಇದನ್ನ ನಮಗಿಂತ ಚೆನ್ನಾಗಿ ಹೇಳೋರು ಯಾರೂ ಇಲ್ಲ.

ಗೆರೆ ಇಷ್ಟೇ: ಹೇಗೆ ಅನ್ನೋದನ್ನ ನಾವು ಹೇಳೋಣ. ಯಾವಾಗಿನಿಂದ, ಯಾವ ಮಾತ್ರೆ, ಎಷ್ಟು ಡೋಸು, ಯಾವುದನ್ನ ಬಿಡಬಹುದು ಅನ್ನೋದು ನಮ್ಮದಲ್ಲ. ಹೇಳೋ ಮೊದಲು ಮೂರು ಪ್ರಶ್ನೆ ಕೇಳೋಣ: ನಿಮಗೆ ಆಗಿರೋದು ಸ್ಲೀವಾ, ಬೈಪಾಸಾ? ಎಷ್ಟು ವಾರ ಆಯ್ತು? ಕೊನೇ ರಕ್ತಪರೀಕ್ಷೆ ಯಾವಾಗ? ಈ ಮೂರಕ್ಕೂ ಉತ್ತರ ಗೊತ್ತಿಲ್ಲದೆ ಕೊಡೋ ಸಲಹೆ ಹರಟೆ. ಹರಟೆ ಕಾಫಿ ಜೊತೆ ಚೆನ್ನ, ಗಾಯದ ಮೇಲೆ ಅಲ್ಲ.

‘ಆಸ್ಪತ್ರೆಯವರು ಫೋನೇ ಎತ್ತಲ್ಲ, ಅದಕ್ಕೇ ಹಳಬರನ್ನ ಕೇಳ್ತೀವಿ’ ಅಂತೀರಾ. ಒಪ್ಪಿದೆ. ನನ್ನ ಸರ್ಜರಿ ಮುಗಿದ ಮೇಲೆ ಡಯಟಿಷಿಯನ್ ಸಿಕ್ಕಿದ್ದು ಒಂದೇ ಸಲ, ಅದೂ ಡಿಸ್ಚಾರ್ಜ್ ಬಿಲ್ಲಿನ ಗಲಾಟೆ ನಡುವೆ ಹತ್ತು ನಿಮಿಷ. ಆದರೆ ಅವರ ಬೇಜವಾಬ್ದಾರಿಗೆ ನಮ್ಮ ಬೇಜವಾಬ್ದಾರಿ ಪರಿಹಾರ ಅಲ್ಲ. ಸರ್ಜರಿಗೆ ಸಹಿ ಹಾಕೋ ಮೊದಲೇ ಕೇಳಿ: ಈ ಪ್ಯಾಕೇಜಿನಲ್ಲಿ ಫಾಲೋ-ಅಪ್ ಎಷ್ಟು ಸಲ, ಡಯಟಿಷಿಯನ್ ಎಷ್ಟು ದಿನ, ರಾತ್ರಿ ಯಾರಿಗೆ ಫೋನ್ ಮಾಡಬೇಕು? ಲಕ್ಷಗಟ್ಟಲೆ ಕೊಡೋ ನಾವು ಫ್ಲಾಟ್ ಕೊಳ್ಳೋವಾಗ ಪಾರ್ಕಿಂಗ್ ಬಗ್ಗೆ ಕೇಳೋಷ್ಟು ಪ್ರಶ್ನೆಯನ್ನೂ ಇಲ್ಲಿ ಕೇಳಲ್ಲ. ಹಳಬರು ಹೊಸಬರಿಗೆ ಕಲಿಸಬೇಕಾದ್ದು ಈ ಪ್ರಶ್ನೆಗಳನ್ನ.

ಕೊನೆಗೆ ಕಿಲೋ ಪಂದ್ಯ. ಆರು ತಿಂಗಳಿಗೆ 30, ನಂದು 35, ನಿಂದೆಷ್ಟು? ಈ ಪಂದ್ಯದಲ್ಲಿ ಹಿಂದೆ ಬಿದ್ದವರೇ ಊಟ ಇನ್ನೂ ಕಮ್ಮಿ ಮಾಡೋದು, ಪ್ರೋಟೀನು ಬಿಡೋದು. ಎರಡು ವರ್ಷದ ಮೇಲೆ ನಾಲ್ಕು ಕಿಲೋ ವಾಪಸ್ ಬಂದವರು ನಾಚಿಕೆಯಿಂದ ಡಾಕ್ಟರ ಹತ್ತಿರವೂ ಹೋಗಲ್ಲ, ನಮ್ಮ ಹತ್ತಿರವೂ ಬರಲ್ಲ. ನಿಜವಾಗಿ ಜೊತೆ ಬೇಕಿರೋದು ಅವರಿಗೆ. ಅವರು ಬಂದಾಗ ತೂಕ ಕೇಳಬೇಡಿ. ಬಿ12 ಎಷ್ಟಿದೆ, ಇವತ್ತು ಊಟಕ್ಕೆ ಮೊದಲು ತಿಂದಿದ್ದೇನು ಅಂತ ಕೇಳಿ.